ಮ್ಯೂನಿಕ್ ಬಿಟ್ಟು ಕೆಮ್ನಿಟ್ಸ್‌ಗೆ ಹೋದ ಹುಡುಗಿಯ ಲೆಕ್ಕ

ಪ್ರಕರಣ ಇಷ್ಟು. ಶಿವಮೊಗ್ಗದ ಹುಡುಗಿ. ವಿಟಿಯು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಬೆಂಗಳೂರಿನಲ್ಲಿ ಎರಡು ವರ್ಷ ಎಂಬೆಡೆಡ್ ಸಾಫ್ಟ್‌ವೇರ್, ಅಂದರೆ ಕಾರು, ಯಂತ್ರಗಳ ಒಳಗಿನ ಚಿಪ್ ನಡೆಸುವ ಸಾಫ್ಟ್‌ವೇರ್ ಕೆಲಸ ಮಾಡಿದವಳು. 2024ರ ಜೂನ್ ಹೊತ್ತಿಗೆ ಅವಳ ಕೈಯಲ್ಲಿ ಜರ್ಮನಿಯ ನಾಲ್ಕು ಊರುಗಳ ಎಂ.ಎಸ್ಸಿ. ಅಡ್ಮಿಷನ್ ಪತ್ರಗಳಿದ್ದವು: ಮ್ಯೂನಿಕ್, ಸ್ಟುಟ್‌ಗಾರ್ಟ್, ಮಾಗ್ಡೆಬುರ್ಗ್, ಕೆಮ್ನಿಟ್ಸ್. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ಸೈಟು ಅಡ ಇಟ್ಟು ಸರ್ಕಾರಿ ಬ್ಯಾಂಕಿನಲ್ಲಿ 20 ಲಕ್ಷ ಸಾಲ ಮಂಜೂರು ಮಾಡಿಸಿದ್ದರು. ಹುಡುಗಿಯ ಉಳಿತಾಯ 3 ಲಕ್ಷ. ಒಟ್ಟು 23 ಲಕ್ಷ, ಅದರ ಮೇಲೆ ಒಂದು ರೂಪಾಯಿ ಹುಟ್ಟುವ ಹಾಗಿರಲಿಲ್ಲ. ಅಪ್ಪ ನನಗೆ ಹಳೇ ಪರಿಚಯ, ನಾನು ಆ ದೇಶದಲ್ಲಿ ಒಂದಷ್ಟು ಕಾಲ ಇದ್ದು ಬಂದವನು ಅನ್ನೋ ಕಾರಣಕ್ಕೆ ಕೇಸು ನನ್ನ ಹತ್ತಿರ ಬಂತು. ಹೆಸರು ಬೇಡ, ಲೆಕ್ಕ ಬೇಕಾದರೆ ಪೂರ್ತಿ ಬರಿ ಅಂದಿದ್ದಾಳೆ. ಹಾಗಾಗಿ ಲೆಕ್ಕ ಪೂರ್ತಿ ಬರೆಯುತ್ತಿದ್ದೇನೆ.

ಈ ನಾಲ್ಕೇ ಊರು ಯಾಕೆ ಅಂತ ಮೊದಲು ಹೇಳಬೇಕು. ಎಲ್ಲರೂ ತಮಗಿಷ್ಟದ ಊರು ಆರಿಸಿಕೊಂಡೆವು ಅಂತಾರೆ, ಆದರೆ ಪಟ್ಟಿ ತಯಾರಾಗುವುದು ಹಾಗಲ್ಲ. ಅವಳ ಸಿಜಿಪಿಎ 8.1. ಜರ್ಮನಿಯವರು ಇದನ್ನು ಒಂದು ಸೂತ್ರಕ್ಕೆ ಹಾಕಿ ತಮ್ಮ ಗ್ರೇಡಿಗೆ ಇಳಿಸುತ್ತಾರೆ. ಅಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸು. ನಮ್ಮ ಕಡೆ ಪಾಸಾಗಲು 4 ಬೇಕು ಅಂತ ಹಿಡಿದರೆ ಇವಳ ಗ್ರೇಡು 1.95 ಬರುತ್ತದೆ, 5 ಬೇಕು ಅಂತ ಹಿಡಿದರೆ 2.14. ಅದೇ ಹುಡುಗಿ, ಅದೇ ಮಾರ್ಕ್ಸ್ ಕಾರ್ಡು. ಕಟ್‌ಆಫ್ 2.0 ಇದ್ದ ಕಡೆ ಇಷ್ಟರಲ್ಲೇ ಬಾಗಿಲು ತೆರೆಯುತ್ತದೆ, ಇಲ್ಲ ಮುಚ್ಚುತ್ತದೆ. ಡ್ರೆಸ್ಡೆನ್ ಅವಳಿಗೆ ಇಷ್ಟವಿತ್ತು, ಆದರೆ ಎಪಿಎಸ್ ಸರ್ಟಿಫಿಕೇಟ್ (ನಮ್ಮ ಮಾರ್ಕ್ಸ್ ಕಾರ್ಡು ಅಸಲಿ ಅಂತ ಜರ್ಮನ್ ರಾಯಭಾರ ಕಚೇರಿ ಕಡೆಯವರು ಕೊಡುವ ದೃಢೀಕರಣ) ದೆಹಲಿಯಿಂದ ಕೈಗೆ ಬರುವ ಹೊತ್ತಿಗೆ ಅಲ್ಲಿನ ಕೊನೇ ದಿನ ಮುಗಿದಿತ್ತು. 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳಿಗೆ ಈ ಎಪಿಎಸ್ ಕಡ್ಡಾಯ, ಮೊದಲು ಮಾಡಬೇಕಾದ ಕೆಲಸವೇ ಇದು. ಉಳಿದದ್ದು ಈ ನಾಲ್ಕು.

ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್ ಐದನೆಯದೊಂದು ತುರುಕಲು ನೋಡಿದ್ದ, ಬರ್ಲಿನ್‌ನ ಒಂದು ಖಾಸಗಿ ಯೂನಿವರ್ಸಿಟಿ. ಸರ್ಕಾರಿ ಯೂನಿವರ್ಸಿಟಿಗಳು ಏಜೆಂಟರಿಗೆ ಕಮಿಷನ್ ಕೊಡುವುದಿಲ್ಲ, ಅಷ್ಟು ಗೊತ್ತಿದ್ದರೆ ಅವನ ಉತ್ಸಾಹ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಆ ಕಥೆ ಅಲ್ಲಿಗೆ ಬಿಡೋಣ.

ಊರನ್ನು ತಿಂಗಳಲ್ಲಿ ಅಳೆಯೋದು

ಹುಡುಗಿ ಬರುವಾಗಲೇ ಒಂದು ಶೀಟ್ ಮಾಡಿಕೊಂಡು ಬಂದಿದ್ದಳು. ರ‍್ಯಾಂಕಿಂಗ್, ಹವಾಮಾನ, ಭಾರತೀಯರು ಎಷ್ಟಿದ್ದಾರೆ, ಕಂಪನಿಗಳು ಎಷ್ಟಿವೆ, ಎಲ್ಲಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ. ಕೂಡಿಸಿದರೆ ಮ್ಯೂನಿಕ್ ಫಸ್ಟು. ನನಗೆ ಈ ಅಂಕದ ಶೀಟುಗಳ ಮೇಲೆ ನಂಬಿಕೆ ಇಲ್ಲ. ದುಡ್ಡು ಅನ್ನುವ ಕಾಲಂಗೆ 3 ಅಂಕ ಕೊಟ್ಟು ಹವಾಮಾನಕ್ಕೆ 8 ಕೊಟ್ಟರೆ ಒಟ್ಟು ಮೊತ್ತ ಚೆನ್ನಾಗೇ ಕಾಣುತ್ತದೆ, ಆದರೆ ದುಡ್ಡು ಮುಗಿದ ದಿನ ಹವಾಮಾನದ 8 ಅಂಕ ಯಾವ ಉಪಯೋಗಕ್ಕೂ ಬರಲ್ಲ, ಅಲ್ವಾ?

ಹಾಗಾಗಿ ಒಂದೇ ಪ್ರಶ್ನೆ ಇಟ್ಟುಕೊಂಡೆವು. ಕೈಯಲ್ಲಿರುವ ದುಡ್ಡಿನಲ್ಲಿ, ಒಂದು ಯೂರೋ ಸಂಪಾದನೆ ಇಲ್ಲದೆ, ಈ ಊರಿನಲ್ಲಿ ಎಷ್ಟು ತಿಂಗಳು ಇರಬಹುದು?

ಆಗ ಯೂರೋ 90 ರೂಪಾಯಿ ಆಸುಪಾಸು ಇತ್ತು. 23 ಲಕ್ಷದಲ್ಲಿ ವಿಮಾನ, ವೀಸಾ, ಎಪಿಎಸ್, ಚಳಿ ಬಟ್ಟೆ, ಅದೂ ಇದೂ ಅಂತ ಒಂದೂವರೆ ಲಕ್ಷ ತೆಗೆದರೆ ಉಳಿಯುವುದು ಸುಮಾರು 24,000 ಯೂರೋ. ಎಲ್ಲ ಊರಿಗೂ ಸಮಾನವಾದ ಖರ್ಚು ಕೆಲವಿವೆ. ವಿದ್ಯಾರ್ಥಿ ಆರೋಗ್ಯ ವಿಮೆ ಆಗ ತಿಂಗಳಿಗೆ 125ರ ಹತ್ತಿರ ಇತ್ತು, ಇದು ಕಡ್ಡಾಯ. ಮನೆಯಲ್ಲೇ ಅಡುಗೆ ಮಾಡಿಕೊಂಡರೆ ಊಟಕ್ಕೆ 200. ಬಸ್ಸು ಟ್ರಾಮ್, ಫೋನು, ಫೀಸು ಇಲ್ಲದ ಕಡೆಯೂ ಯೂನಿವರ್ಸಿಟಿಗೆ ಕಟ್ಟುವ ಸಣ್ಣ ಸೆಮಿಸ್ಟರ್ ಕಾಂಟ್ರಿಬ್ಯೂಷನ್ ಎಲ್ಲ ಸೇರಿ ಇನ್ನೊಂದು 100. ವ್ಯತ್ಯಾಸ ಬರುವುದು ಎರಡೇ ಕಡೆ, ಬಾಡಿಗೆ ಮತ್ತು ಫೀಸು.

ಜರ್ಮನಿಯಲ್ಲಿ ಫೀಸೇ ಇಲ್ಲ ಅನ್ನುವುದು ಈಗ ಪೂರ್ತಿ ನಿಜವಲ್ಲ. ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಹಾಕಿದೆ. ಸ್ಟುಟ್‌ಗಾರ್ಟ್ ಆ ರಾಜ್ಯದ ರಾಜಧಾನಿ. ಮ್ಯೂನಿಕ್ ಇರುವ ಬವೇರಿಯಾದಲ್ಲಿ 2023ರ ಹೊಸ ಕಾನೂನು ಯೂನಿವರ್ಸಿಟಿಗಳಿಗೇ ಆ ಅಧಿಕಾರ ಕೊಟ್ಟಿತು, ಮ್ಯೂನಿಕ್ ಟೆಕ್ನಿಕಲ್ ಯೂನಿವರ್ಸಿಟಿ ಅದನ್ನು ಬಳಸಿಕೊಂಡು 2024ರ ಚಳಿಗಾಲದಿಂದ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ ನಿಗದಿ ಮಾಡಿತು. ಅಂದರೆ ನಮ್ಮ ಹುಡುಗಿ ಸೇರಬೇಕಾದ ಅದೇ ಸೆಮಿಸ್ಟರ್. ಒಂದು ವರ್ಷ ಮೊದಲು ಹೋದವರ ಲೆಕ್ಕ ಕೇಳಿಕೊಂಡು ಹೊರಟಿದ್ದರೆ ಅಲ್ಲಿಗೆ ಹೋದ ಮೇಲೆ ಕಣ್ಣು ಕತ್ತಲೆ ಬರುತ್ತಿತ್ತು. ಮಾಗ್ಡೆಬುರ್ಗ್ ಇರುವುದು ಸಾಕ್ಸೆನ್-ಆನ್‌ಹಾಲ್ಟ್‌ನಲ್ಲಿ, ಕೆಮ್ನಿಟ್ಸ್ ಸಾಕ್ಸೆನ್‌ನಲ್ಲಿ. ಅವಳಿಗೆ ಸೀಟು ಸಿಕ್ಕ ಎರಡೂ ಕೋರ್ಸಿಗೆ ಫೀಸು ಇಲ್ಲ.

ಈಗ ತಿಂಗಳ ಲೆಕ್ಕ. ಮ್ಯೂನಿಕ್‌ನಲ್ಲಿ ಹಂಚಿಕೊಂಡ ಮನೆಯಲ್ಲಿ ಒಂದು ರೂಮು ಆಗ 790 ಯೂರೋ ಆಸುಪಾಸು ಇತ್ತು. ಫೀಸು ಕಡಿಮೆಯದ್ದೇ ಹಿಡಿದರೂ ತಿಂಗಳಿಗೆ 667. ಎಲ್ಲ ಸೇರಿ 1,880. ಇಪ್ಪತ್ನಾಲ್ಕು ಸಾವಿರ ಹದಿಮೂರು ತಿಂಗಳೂ ಬರುವುದಿಲ್ಲ. ಸ್ಟುಟ್‌ಗಾರ್ಟ್‌ನಲ್ಲಿ ರೂಮಿಗೆ 500 ಅಂತ ಸ್ವಲ್ಪ ಆಸೆಯಲ್ಲೇ ಹಿಡಿದೆವು, ಫೀಸು ತಿಂಗಳಿಗೆ 250, ಒಟ್ಟು 1,175. ಇಪ್ಪತ್ತು ತಿಂಗಳು. ಮಾಗ್ಡೆಬುರ್ಗ್ 725, ಮೂವತ್ತಮೂರು ತಿಂಗಳು. ಕೆಮ್ನಿಟ್ಸ್‌ನಲ್ಲಿ ವಿದ್ಯಾರ್ಥಿ ಹಾಸ್ಟೆಲಿನ ರೂಮು 270, ಒಟ್ಟು 700ಕ್ಕೂ ಸ್ವಲ್ಪ ಕಡಿಮೆ. ಮೂವತ್ತನಾಲ್ಕು ತಿಂಗಳು.

ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆಯಲ್ಲಿ, ತೋರಿಸಬೇಕಾಗಿದ್ದ ದುಡ್ಡು ಆಗ ವರ್ಷಕ್ಕೆ 11,208 ಯೂರೋ, ತಿಂಗಳಿಗೆ 934. ಇದು ದೇಶಕ್ಕೆಲ್ಲ ಒಂದೇ ಮೊತ್ತ. ಮ್ಯೂನಿಕ್‌ನಲ್ಲಿ ಬಾಡಿಗೆ, ವಿಮೆ ಕಟ್ಟಿದರೆ ಆ 934ರಲ್ಲಿ ಉಳಿಯುವುದು 19 ಯೂರೋ. ಊಟ ಯಾರು ಹಾಕುತ್ತಾರೆ? ವೀಸಾ ಆಫೀಸಿನ ಆ ಮೊತ್ತ ನೋಡಿ "ಇಷ್ಟು ಸಾಕು ಅಂತ ಅವರೇ ಹೇಳಿದ್ದಾರಲ್ಲ" ಅಂತ ಅಪ್ಪ ಅಂದುಕೊಂಡಿದ್ದರು. ಅದು ವೀಸಾ ಕೊಡಲು ಬೇಕಾದ ಕನಿಷ್ಠ, ಊರಿನ ಖರ್ಚಿನ ಅಂದಾಜಲ್ಲ.

ಎಷ್ಟು ತಿಂಗಳು ಬೇಕು ಅನ್ನುವುದು ಇನ್ನೊಂದು ಕಡೆಯ ಲೆಕ್ಕ. ಪತ್ರದಲ್ಲಿ ಬರೆದಿರುವುದು ನಾಲ್ಕು ಸೆಮಿಸ್ಟರ್, 120 ಕ್ರೆಡಿಟ್. ನಾಲ್ಕರಲ್ಲಿ ಮುಗಿಸುವವರು ಇದ್ದಾರೆ, ಕಡಿಮೆ. ಪರೀಕ್ಷೆಗಳೆಲ್ಲ ಸೆಮಿಸ್ಟರ್ ಕೊನೆಗೆ ಒಟ್ಟೊಟ್ಟಿಗೆ ಬಂದು ಬೀಳುತ್ತವೆ. ಇಂಟರ್ನಲ್ಸ್ ಮಾರ್ಕ್ಸ್ ಕೈಹಿಡಿಯುತ್ತೆ ಅನ್ನುವ ವಿಟಿಯು ಅಭ್ಯಾಸ ಅಲ್ಲಿ ನಡೆಯಲ್ಲ. ಒಂದೇ ಕಡ್ಡಾಯ ವಿಷಯದಲ್ಲಿ ಮೂರು ಸಲ ಫೇಲ್ ಆದರೆ ಬಹುತೇಕ ಕಡೆ ಕೋರ್ಸಿನಿಂದಲೇ ಹೊರಗೆ. ಹಾಗಾಗಿ ಜನ ಭಯಕ್ಕೆ ಕಡಿಮೆ ವಿಷಯ ಬರೆಯುತ್ತಾರೆ, ಉಳಿದದ್ದು ಮುಂದಕ್ಕೆ ಹೋಗುತ್ತದೆ. ಇಂಟರ್ನ್‌ಶಿಪ್ಪಿಗೆ ಆರು ತಿಂಗಳು, ಥೀಸಿಸ್‌ಗೆ ಇನ್ನೊಂದು ಆರು ತಿಂಗಳು. ಐದು ಸೆಮಿಸ್ಟರ್ ಅಂದರೆ ಚೆನ್ನಾಗಿ ಓದಿದ ಹಾಗೆ. ಮೂವತ್ತು ತಿಂಗಳು.

ಇದಕ್ಕೆ ಸಾಲದ ಕಾಗದ ಜೋಡಿಸಿ ನೋಡಿ. ನಮ್ಮ ಬ್ಯಾಂಕು ಕಂತು ಶುರು ಮಾಡುವುದು ಕೋರ್ಸಿನ ಅವಧಿ ಮುಗಿದು ಒಂದು ವರ್ಷಕ್ಕೆ. ಕೋರ್ಸಿನ ಅವಧಿ ಅಂದರೆ ಪತ್ರದಲ್ಲಿರುವ ಎರಡು ವರ್ಷ, ನೀವು ತೆಗೆದುಕೊಂಡ ಮೂರು ವರ್ಷ ಅಲ್ಲ. ಅಕ್ಟೋಬರ್ 2024ಕ್ಕೆ ಸೇರಿದರೆ ಕಂತು ಅಕ್ಟೋಬರ್ 2027ಕ್ಕೆ ಬರುತ್ತದೆ, ಡಿಗ್ರಿ ಮುಗಿದಿರಲಿ ಬಿಡಲಿ. ಜರ್ಮನಿ ಓದು ಮುಗಿದ ಮೇಲೆ ಕೆಲಸ ಹುಡುಕಲು ಹದಿನೆಂಟು ತಿಂಗಳ ಪರ್ಮಿಟ್ ಕೊಡುತ್ತದೆ, ಒಳ್ಳೆಯದೇ, ಆದರೆ ಶಿವಮೊಗ್ಗದ ಬ್ರಾಂಚಿಗೆ ಆ ಹದಿನೆಂಟು ತಿಂಗಳು ಗೊತ್ತಿಲ್ಲ.

ಮ್ಯೂನಿಕ್ ಇಲ್ಲಿಗೆ ಬಿತ್ತು. ಅಪ್ಪನಿಗೆ ಬೇಜಾರಾಯಿತು, ಆ ಹೆಸರು ಶಿವಮೊಗ್ಗದಲ್ಲೂ ಎಲ್ಲರಿಗೂ ಗೊತ್ತು. ಕರ್ನಾಟಕ ಮತ್ತು ಬವೇರಿಯಾ 2007ರಿಂದ ಸೋದರ ರಾಜ್ಯಗಳು ಬೇರೆ. ಆದರೆ ಹದಿಮೂರು ತಿಂಗಳ ಮುಂದೆ ಅದ್ಯಾವುದೂ ನಿಲ್ಲಲಿಲ್ಲ.

ಇಂಟೆಲ್ ಬರುತ್ತೆ ಅಂತ ಮಾಗ್ಡೆಬುರ್ಗ್

ಮಾಗ್ಡೆಬುರ್ಗ್ ಪರವಾಗಿ ಆಗ ಒಂದು ಜೋರು ವಾದ ಇತ್ತು. 2022ರ ಮಾರ್ಚ್‌ನಲ್ಲಿ ಇಂಟೆಲ್ ಅಲ್ಲಿ ಚಿಪ್ ಫ್ಯಾಕ್ಟರಿ ಕಟ್ಟುವುದಾಗಿ ಹೇಳಿತ್ತು. ಮುಂದೆ ಮೊತ್ತ 30 ಬಿಲಿಯನ್ ಯೂರೋಗೆ ಹೋಗಿ, ಸರ್ಕಾರ ಸುಮಾರು 10 ಬಿಲಿಯನ್ ಸಬ್ಸಿಡಿ ಒಪ್ಪಿತ್ತು. ಬೆಂಗಳೂರಿನಲ್ಲಿ ಅವಳ ಆಫೀಸಿನ ಹುಡುಗರೆಲ್ಲ ಅದನ್ನೇ ಹೇಳುತ್ತಿದ್ದರು, ನೀನು ಡಿಗ್ರಿ ಮುಗಿಸುವ ಹೊತ್ತಿಗೆ ಫ್ಯಾಕ್ಟರಿ ಗೇಟು ತೆರೆದಿರುತ್ತೆ, ಬಸ್ಸಲ್ಲಿ ಹೋಗಿ ಇಂಟರ್‌ವ್ಯೂ ಕೊಟ್ಟು ಬರಬಹುದು ಅಂತ.

ಅವಳು ಮಾಗ್ಡೆಬುರ್ಗ್ ಬಿಟ್ಟದ್ದು ಮುಂದಾಲೋಚನೆಯಿಂದ ಅಂತ ನಾನು ಹೇಳಲ್ಲ. ಕೋರ್ಸಿನ ಮಾಡ್ಯೂಲ್ ಪಟ್ಟಿ ಕೂತು ಓದಿದಾಗ ಅವಳಿಗೆ ಬೇಕಾದ ಎಂಬೆಡೆಡ್ ವಿಷಯಗಳು ಕೆಮ್ನಿಟ್ಸ್‌ನಲ್ಲಿ ಜಾಸ್ತಿ ಕಂಡವು. ಅಲ್ಲಿ ಎಂಬೆಡೆಡ್ ಸಿಸ್ಟಮ್ಸ್ ಅಂತಲೇ ಇಂಗ್ಲಿಷ್‌ನಲ್ಲಿ ಒಂದು ಮಾಸ್ಟರ್ಸ್ ಇದೆ. ಅಷ್ಟೇ ಕಾರಣ. 2024ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ಪ್ಲಾನನ್ನು ಎರಡು ವರ್ಷ ಮುಂದೂಡಿತು, 2025ರ ಜುಲೈನಲ್ಲಿ ಕೈಬಿಟ್ಟೇಬಿಟ್ಟಿತು. ಆ ಒಂದು ಘೋಷಣೆ ನೋಡಿ ಊರು ಆರಿಸಿದ ಹುಡುಗರಿಗೆ ಯೂನಿವರ್ಸಿಟಿ ಇದೆ, ಊರು ಇದೆ, ಬಾಡಿಗೆಯೂ ಕಡಿಮೆಯೇ. ಅವರು ಕಾಯುತ್ತಿದ್ದ ಗೇಟು ಮಾತ್ರ ಇಲ್ಲ. ಇನ್ನೂ ಅಡಿಪಾಯ ಬೀಳದ ಫ್ಯಾಕ್ಟರಿ ನಂಬಿ ಊರು ಆರಿಸಬಾರದು ಅಂತ ಆಗಲೇ ಅನ್ನಿಸಿತ್ತು, ಆದರೆ ಇಷ್ಟು ಬೇಗ ಸಾಬೀತಾಗುತ್ತೆ ಅಂತ ಅಂದುಕೊಂಡಿರಲಿಲ್ಲ.

ಸ್ಟುಟ್‌ಗಾರ್ಟ್: ನಿಜವಾದ ಜಗಳ

ಜಗಳ ನಡೆದದ್ದು ಸ್ಟುಟ್‌ಗಾರ್ಟ್ ಮತ್ತು ಕೆಮ್ನಿಟ್ಸ್ ನಡುವೆ. ಸ್ಟುಟ್‌ಗಾರ್ಟ್ ಸುಮ್ನೆ ತಳ್ಳಿಹಾಕುವ ಊರಲ್ಲ. ಬಾಷ್, ಮರ್ಸಿಡಿಸ್, ಪೋರ್ಷೆ ಎಲ್ಲ ಅಲ್ಲೇ. ಬೆಂಗಳೂರಿನ ಬಾಷ್‌ನಿಂದ, ಮರ್ಸಿಡಿಸ್‌ನ ಆರ್ ಅಂಡ್ ಡಿಯಿಂದ ಹೋದ ಎಷ್ಟೋ ಕನ್ನಡದವರು ಆ ಕಡೆ ನೆಲೆಸಿದ್ದಾರೆ, ಹುಡುಗಿಗೂ ಇಬ್ಬರು ಸೀನಿಯರ್‌ಗಳಿದ್ದರು. ಅವರ ವಾದ ಹೀಗಿತ್ತು: ಮೂವತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 800 ಯೂರೋ ನಿನ್ನ ಹತ್ತಿರ ಇದೆ, ಇಲ್ಲಿ ಖರ್ಚು 1,175, ಕೊರತೆ 375. ಮಿನಿಜಾಬ್, ಅಂದರೆ ಕಡಿಮೆ ಗಂಟೆಯ ಸಣ್ಣ ಕೆಲಸ, ಒಂದು ಹಿಡಿದರೆ ತಿಂಗಳಿಗೆ 538 ಯೂರೋವರೆಗೆ ಬರುತ್ತೆ. ಕನಿಷ್ಠ ಕೂಲಿ ಗಂಟೆಗೆ 12.41, ಅಂದರೆ ತಿಂಗಳಿಗೆ ನಲವತ್ತಮೂರು ಗಂಟೆ ಕೆಲಸ. ವಾರಕ್ಕೆ ಹತ್ತು ಗಂಟೆ. ಅಷ್ಟು ಮಾಡಕ್ಕಾಗಲ್ವಾ?

ಲೆಕ್ಕ ಸರಿಯಾಗಿದೆ. ಆ ವರ್ಷದ ಮಾರ್ಚ್‌ನಿಂದ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು ಅಂತ ನಿಯಮವೂ ಸಡಿಲವಾಗಿತ್ತು, ಮೊದಲು 120 ಮತ್ತು 240 ಇತ್ತು. ನಾನು ಕೇಳಿದ್ದು ಒಂದೇ, ಆ ಕೆಲಸ ಯಾವ ತಿಂಗಳಿಂದ ಸಿಗುತ್ತೆ? ಸೀನಿಯರ್‌ಗಳಿಬ್ಬರೂ ಕಂಪನಿ ಕಳಿಸಿ ಹೋದವರು, ವಿದ್ಯಾರ್ಥಿಗಳಾಗಿ ಹೋದವರಲ್ಲ. ಹೋದ ಮೊದಲ ತಿಂಗಳ ಸಂಬಳವೇ ಅವರಿಗೆ ಯೂರೋದಲ್ಲಿ ಬಂದಿತ್ತು. ಹುಡುಗಿಯ ಜರ್ಮನ್ ಆಗ ಎ1, ಅಂದರೆ ಎ1, ಎ2, ಬಿ1, ಬಿ2 ಅಂತ ಏರುವ ಹಂತಗಳಲ್ಲಿ ಮೊದಲನೆಯದು, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿತದ್ದು. ಎ1 ಅಂದರೆ ನನ್ನ ಹೆಸರು ಇದು, ನನಗೆ ಒಂದು ಕಾಫಿ ಬೇಕು. ಅಷ್ಟರಲ್ಲಿ ಗೋಡೌನ್ ಕೆಲಸ, ಡೆಲಿವರಿ ಕೆಲಸ ಸಿಗಬಹುದು, ಎಂಬೆಡೆಡ್ ಕೆಲಸ ಕಷ್ಟ.

ರೂಮಿನ ಕಥೆ ಇನ್ನೂ ಬೇರೆ. 500ಕ್ಕೆ ರೂಮು ಅಂತ ಬರೆದೆವಲ್ಲ, ಅದನ್ನು ಶಿವಮೊಗ್ಗದಲ್ಲಿ ಕೂತು ಹುಡುಕಬೇಕಿತ್ತು. ಜರ್ಮನಿಯಲ್ಲಿ ಮನೆಗೆ ಹೋದ ಎರಡು ವಾರದೊಳಗೆ ಊರಿನ ಆಫೀಸಿನಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕ ಸಹಿ ಮಾಡಿದ ಕಾಗದ ಬೇಕು. ಆನ್‌ಮೆಲ್ಡುಂಗ್ ಅಂತಾರೆ. ಅದಿಲ್ಲದೆ ರೆಸಿಡೆನ್ಸ್ ಪರ್ಮಿಟ್ ಮುಂದೆ ಹೋಗಲ್ಲ. ಹಾಗಾಗಿ ಮೊದಲು ಎಲ್ಲಾದರೂ ಇಳಿದುಕೊಂಡು ಆಮೇಲೆ ನೋಡೋಣ ಅನ್ನುವುದು ನಮ್ಮ ಬೆಂಗಳೂರಿನ ಪಿಜಿಗಳ ಹಾಗೆ ಸುಲಭವಲ್ಲ.

ಅವಳು ರೂಮು ಹುಡುಕುವ ವೆಬ್‌ಸೈಟಿನಲ್ಲಿ ಸ್ಟುಟ್‌ಗಾರ್ಟ್‌ಗೆ ಮೂವತ್ತಕ್ಕೂ ಜಾಸ್ತಿ ಮೆಸೇಜ್ ಹಾಕಿದಳು. ಉತ್ತರ ಬಂದದ್ದು ಬೆರಳೆಣಿಕೆ. ಅದರಲ್ಲಿ ಒಂದು ತುಂಬಾ ಚೆನ್ನಾಗಿತ್ತು: ಊರ ಮಧ್ಯೆ, ಫರ್ನಿಚರ್ ಸಮೇತ, 380 ಯೂರೋ, ಫೋಟೋದಲ್ಲಿ ಬಿಳಿ ಗೋಡೆ, ಕಿಟಕಿ ಪಕ್ಕ ಗಿಡ. ಮಾಲೀಕ ಲಂಡನ್‌ನಲ್ಲಿ ಇದ್ದಾನಂತೆ, ಡೆಪಾಸಿಟ್ ಕಳಿಸಿದರೆ ಕೀಲಿ ಕೊರಿಯರ್ ಮಾಡುತ್ತಾನಂತೆ, ನಂಬಿಕೆಗೆ ತನ್ನ ಪಾಸ್‌ಪೋರ್ಟ್ ಕಾಪಿಯನ್ನೂ ಕಳಿಸಿದ್ದ. ಅಪ್ಪ ದುಡ್ಡು ಹೊಂದಿಸಲು ಹೊರಟೇಬಿಟ್ಟಿದ್ದರು. ಈ ಕೀಲಿ ಕೊರಿಯರ್ ಕಥೆ ಜರ್ಮನಿಯಲ್ಲಿ ಹಳೇದು, ಲಂಡನ್ ಬದಲು ಒಮ್ಮೊಮ್ಮೆ ಸ್ಪೇನ್ ಇರುತ್ತದೆ, ಅಷ್ಟೇ ವ್ಯತ್ಯಾಸ. ಪಾಸ್‌ಪೋರ್ಟ್ ಕಾಪಿ ಇನ್ಯಾರೋ ಮೋಸ ಹೋದವರದ್ದಾಗಿರುತ್ತದೆ. ಅಂಥ ರೂಮು 380ಕ್ಕೆ ಆ ಊರಿನಲ್ಲಿ ಇರುವುದೇ ಇಲ್ಲ ಅನ್ನುವುದೊಂದೇ ಸಾಕಿತ್ತು ನಿಲ್ಲಿಸಲು.

ಕೆಮ್ನಿಟ್ಸ್‌ನಲ್ಲಿ ವಿದ್ಯಾರ್ಥಿ ಹಾಸ್ಟೆಲಿಗೆ ಅವಳು ಅಡ್ಮಿಷನ್ ಪತ್ರ ಬಂದ ವಾರವೇ ಅರ್ಜಿ ಹಾಕಿದ್ದಳು. ಇದು ಅವಳದೇ ಬುದ್ಧಿ. ಯಾವ ಊರು ಅಂತ ನಿರ್ಧಾರ ಆಗುವ ಮೊದಲೇ ನಾಲ್ಕೂ ಊರಿನ ಹಾಸ್ಟೆಲ್ ಸಾಲಿನಲ್ಲಿ ನಿಂತುಬಿಟ್ಟಿದ್ದಳು. ಜುಲೈ ಕೊನೆಗೆ ಕೆಮ್ನಿಟ್ಸ್‌ನಿಂದ ಬಾಡಿಗೆ ಕರಾರೇ ಬಂತು, ಅಕ್ಟೋಬರ್ 1ರಿಂದ, ಕರೆಂಟು, ಹೀಟಿಂಗ್, ಇಂಟರ್ನೆಟ್ ಎಲ್ಲ ಸೇರಿ 268 ಯೂರೋ. ಸ್ಟುಟ್‌ಗಾರ್ಟ್‌ನಿಂದ ವೇಟಿಂಗ್ ಲಿಸ್ಟ್. ಮ್ಯೂನಿಕ್‌ನಲ್ಲಿ ಸೆಮಿಸ್ಟರ್‌ಗಟ್ಟಲೆ ಕಾಯಬೇಕು. ನನ್ನನ್ನು ಕೇಳಿದರೆ, ಯೂನಿವರ್ಸಿಟಿ ಪತ್ರಕ್ಕಿಂತ ಈ ಬಾಡಿಗೆ ಕರಾರು ದೊಡ್ಡದು.

ಅಮ್ಮನ ಭಯ

ಇಷ್ಟರ ಹೊತ್ತಿಗೆ ಅಮ್ಮ ಯೂಟ್ಯೂಬ್ ನೋಡಿದ್ದರು. ಕೆಮ್ನಿಟ್ಸ್ ಅಂತ ಹುಡುಕಿದರೆ 2018ರ ಆಗಸ್ಟ್ ಬರುತ್ತದೆ. ಊರ ಹಬ್ಬದ ರಾತ್ರಿ ಒಬ್ಬ ಚೂರಿ ಇರಿತಕ್ಕೆ ಸತ್ತ, ಆಮೇಲೆ ದಿನಗಟ್ಟಲೆ ಬಲಪಂಥೀಯರ ಮೆರವಣಿಗೆ, ಹೊರದೇಶದವರ ಹಾಗೆ ಕಂಡವರ ಮೇಲೆ ಹಲ್ಲೆ. ಆ ವಾರಗಳಲ್ಲೇ ಇದರ ವಿರುದ್ಧ ನಡೆದ ಸಂಗೀತ ಕಾರ್ಯಕ್ರಮಕ್ಕೆ ಸುಮಾರು 65,000 ಜನ ಸೇರಿದ್ದರು ಅನ್ನುವುದು ಎರಡನೇ ಪುಟದಲ್ಲಿರುತ್ತದೆ. ಅದನ್ನು ಯಾರೂ ನೋಡಲ್ಲ. ಮುಂದೆ 2025ಕ್ಕೆ ಈ ಊರು ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಗಿ ಆಯ್ಕೆಯಾಗಿತ್ತು ಅಂತ ಹುಡುಗಿ ಹೇಳಿದಳು. ಅಮ್ಮ ಕೇಳಿದರು, "ರಾಜಧಾನಿ ಆದರೆ ಹೊಡೆಯೋದು ಬಿಡ್ತಾರಾ?"

ನ್ಯಾಯವಾದ ಪ್ರಶ್ನೆ. ಸಾಕ್ಸೆನ್‌ನಲ್ಲಿ ವಲಸಿಗರನ್ನು ವಿರೋಧಿಸುವ ಬಲಪಂಥೀಯ ಎಎಫ್‌ಡಿ ಪಕ್ಷಕ್ಕೆ ದೊಡ್ಡ ಬೆಂಬಲ ಇದೆ, 2024ರ ಸೆಪ್ಟೆಂಬರ್ ಚುನಾವಣೆಯಲ್ಲಿ 30 ಶೇಕಡಾ ದಾಟಿತು. ಇದನ್ನು ಮುಚ್ಚಿಟ್ಟು "ಏನೂ ಆಗಲ್ಲ ಬಿಡಿ" ಅನ್ನುವುದು ತಪ್ಪು. ಊರು ಹೇಗಿದೆ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ಆ ಪ್ರಶ್ನೆಯಿಂದ ಏನೂ ಹೊರಡಲ್ಲ. ಹುಡುಗಿ ಅಲ್ಲಿ ಓದುತ್ತಿದ್ದ ಮೂವರು ಹೆಣ್ಣುಮಕ್ಕಳನ್ನು ಹುಡುಕಿ, ಒಬ್ಬಳು ತೆಲುಗಿನವಳು, ಒಬ್ಬಳು ಪುಣೆಯವಳು, ಒಬ್ಬಳು ಇರಾನ್‌ನವಳು, ಬೇರೆ ಥರ ಕೇಳಿದಳು. ರಾತ್ರಿ ಹತ್ತಕ್ಕೆ ಲೈಬ್ರರಿಯಿಂದ ರೂಮಿಗೆ ಹೇಗೆ ಹೋಗುತ್ತೀರಿ? ಕಳೆದ ಚಳಿಗಾಲದಲ್ಲಿ ಎಂದಾದರೂ ರಸ್ತೆ ಬದಲಿಸಿಕೊಂಡು ಹೋಗಿದ್ದೀರಾ? ಟ್ರಾಮ್‌ನಲ್ಲಿ ಯಾರಾದರೂ ಏನಾದರೂ ಅಂದರೆ ಪಕ್ಕದವರು ಮಾತಾಡುತ್ತಾರಾ?

ಉತ್ತರಗಳು ಒಂದೇ ಥರ ಇರಲಿಲ್ಲ, ಅದಕ್ಕೇ ನಂಬಿಕೆ ಬಂತು. ರೈಷೆನ್‌ಹೈನರ್ ಬೀದಿಯ ಕ್ಯಾಂಪಸ್, ಹಾಸ್ಟೆಲುಗಳ ಕಡೆ ಭಯ ಇಲ್ಲ, ರಾತ್ರಿ ನಡೆದೇ ಹೋಗುತ್ತೇವೆ. ಊರ ಮಧ್ಯೆ ಮೆರವಣಿಗೆ ಇರುವ ಸಂಜೆ ಹೋಗುವುದಿಲ್ಲ. ಪುಣೆಯವಳಿಗೆ ಟ್ರಾಮ್‌ನಲ್ಲಿ ಕುಡಿದವನೊಬ್ಬ ಕೂಗಾಡಿದ್ದ, ಒಬ್ಬ ಅಜ್ಜಿ ಎದ್ದು ಬಂದು ಅವಳ ಪಕ್ಕ ಕೂತಿದ್ದಳು. ಇರಾನ್‌ನವಳು ಮಾತ್ರ ನೇರವಾಗಿ ಹೇಳಿದಳು, ಓದಲು ಪರವಾಗಿಲ್ಲ, ಓದಿದ ಮೇಲೆ ನಾನು ಇಲ್ಲಿ ಇರಲ್ಲ ಅಂತ. ಆ ಮೂವರ ಜೊತೆ ಅಮ್ಮನೂ ಒಮ್ಮೆ ವಿಡಿಯೊ ಕಾಲ್‌ನಲ್ಲಿ ಮಾತಾಡಿದರು, ಅರ್ಧ ಸನ್ನೆ, ಅರ್ಧ ಇಂಗ್ಲಿಷ್. ಭಯ ಹೋಗಲಿಲ್ಲ, ಆದರೆ ಹೂಂ ಅಂದರು.

ಹೋದ ಮೇಲೆ

ಕೆಮ್ನಿಟ್ಸ್ ಶಿವಮೊಗ್ಗಕ್ಕಿಂತ ಚಿಕ್ಕ ಊರು, ಎರಡೂವರೆ ಲಕ್ಷದ ಆಸುಪಾಸು ಜನ. ಹಿಂದೆ ಕಾರ್ಲ್-ಮಾರ್ಕ್ಸ್-ಸ್ಟಾಡ್ಟ್ ಅಂತ ಹೆಸರಿತ್ತು, ಏಳು ಮೀಟರ್ ಎತ್ತರದ ಮಾರ್ಕ್ಸ್ ತಲೆ ಊರ ಮಧ್ಯೆ ಇನ್ನೂ ಇದೆ. ರೈಲ್ವೆ ಸ್ಟೇಷನ್ನಿನ ಒಳಗೇ ಟ್ರಾಮ್ ಬರುತ್ತದೆ, ಊರೊಳಗೆ ಟ್ರಾಮ್ ಹಳಿ ಮೇಲೆ ಓಡಿದ ಗಾಡಿಯೇ ಹೊರಗೆ ರೈಲು ಹಳಿ ಹತ್ತಿ ಹೋಗುತ್ತದೆ. ಅವಳು ಇಳಿದ ದಿನ ಸೂಟ್‌ಕೇಸ್ ಎಳೆದುಕೊಂಡು ಪ್ಲಾಟ್‌ಫಾರ್ಮ್ ಪಕ್ಕದಲ್ಲೇ ಟ್ರಾಮ್ ಹತ್ತಿ ಕ್ಯಾಂಪಸ್ಸಿನಲ್ಲಿ ಇಳಿದಳು. ವಿಳಾಸ ನೋಂದಣಿ, ಬ್ಯಾಂಕು, ವಿಮೆ ಮೂರೂ ಅಕ್ಟೋಬರ್‌ನಲ್ಲೇ ಮುಗಿದವು. ಸ್ಟುಟ್‌ಗಾರ್ಟ್ ಆರಿಸಿದ ಅವಳ ಬ್ಯಾಚ್‌ಮೇಟ್ ಡಿಸೆಂಬರ್‌ವರೆಗೆ ಮೂರು ರೂಮು ಬದಲಿಸಿದ. ಇದನ್ನು ಗೆಲುವು ಅಂತ ಬರೆಯಬೇಕು ಅಂತ ನನಗೆ ಅನ್ನಿಸಲ್ಲ, ಯಾಕೆಂದರೆ ಅದೇ ಹುಡುಗ ಎರಡನೇ ಸೆಮಿಸ್ಟರ್‌ನಲ್ಲಿ ವರ್ಕಿಂಗ್ ಸ್ಟೂಡೆಂಟ್, ಅಂದರೆ ಓದುತ್ತಲೇ ಕಂಪನಿಯಲ್ಲಿ ಮಾಡುವ ಕೆಲಸ ಹಿಡಿದ, ಅದೂ ಕಾರಿನ ಎಲೆಕ್ಟ್ರಾನಿಕ್ಸ್‌ನಲ್ಲೇ. ಅವನು ಹೋಗುವಾಗಲೇ ಬಿ2 ಜರ್ಮನ್ ಮುಗಿಸಿದ್ದ, ನಾಲ್ಕು ವರ್ಷದ ಉಳಿತಾಯ ಇತ್ತು, ಸಾಲ ಇರಲಿಲ್ಲ. ಅವನಿಗೆ ಸ್ಟುಟ್‌ಗಾರ್ಟ್ ಸರಿ. ಇವಳಿಗೂ ಅದೇ ಹೇಳಿದ್ದರೆ ಆರನೇ ತಿಂಗಳಿಗೆ ಗೋಡೌನ್‌ನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಳು.

ಕೆಮ್ನಿಟ್ಸ್‌ನಲ್ಲಿ ಮೊದಲ ಸೆಮಿಸ್ಟರ್ ಅವಳಿಗೆ ಯಾವ ಕೆಲಸವೂ ಸಿಗಲಿಲ್ಲ. ಊರು ಚಿಕ್ಕದು, ವಿದ್ಯಾರ್ಥಿಗಳು ಜಾಸ್ತಿ, ಜರ್ಮನ್ ಇಲ್ಲದವರಿಗೆ ಇರುವ ನಾಲ್ಕು ಕೆಲಸಕ್ಕೆ ನಲವತ್ತು ಜನ. ನಾಲ್ಕು ಗಂಟೆಗೇ ಕತ್ತಲಾಗುವ ಡಿಸೆಂಬರ್. ಭಾನುವಾರ ಅಂಗಡಿಯೆಲ್ಲ ಬಂದ್. ಫೆಬ್ರವರಿ ಪರೀಕ್ಷೆಯಲ್ಲಿ ಒಂದು ವಿಷಯ ಹೋಯಿತು. ಯುಗಾದಿಗೆ ಮ್ಯೂನಿಕ್ ಕಡೆಯ ಕನ್ನಡದವರ ಫೋಟೋ ನೋಡಿ ಫೋನಿನಲ್ಲಿ ಅತ್ತಳಂತೆ, ಅಮ್ಮ ಹೇಳಿದ್ದು. ಇಲ್ಲಿ ಕನ್ನಡದವರು ಅಂದರೆ ಹಾಸ್ಟೆಲಿನಲ್ಲಿ ಒಬ್ಬ ಹುಬ್ಬಳ್ಳಿಯವನು, ಒಬ್ಬಳು ಮಂಗಳೂರಿನವಳು. ಆದರೆ ಆ ಐದು ತಿಂಗಳು ಕೆಲಸ ಇಲ್ಲದೆ ಕೂತರೂ ದುಡ್ಡಿನ ಭಯ ಬರಲಿಲ್ಲ, ಆ ಬಿಡುವಿನಲ್ಲಿ ಜರ್ಮನ್ ಬಿ1ವರೆಗೆ ಎಳೆದಳು. ಫೇಲಾದ ವಿಷಯ ಎರಡನೇ ಸಲಕ್ಕೆ ಪಾಸಾಯಿತು. ಎರಡನೇ ಸೆಮಿಸ್ಟರ್‌ನಲ್ಲಿ ಒಬ್ಬ ಪ್ರೊಫೆಸರ್ ಹತ್ತಿರ ಹಿವಿ ಕೆಲಸ ಸಿಕ್ಕಿತು, ಅಂದರೆ ವಿದ್ಯಾರ್ಥಿ ಸಹಾಯಕಿ, ಗಂಟೆಗೆ 13 ಯೂರೋ ಮೇಲೆ.

ನಮ್ಮ ಲೆಕ್ಕ ತಪ್ಪಿಸಿದ್ದು ಊರಲ್ಲ, ರೂಪಾಯಿ. 2025ರಲ್ಲಿ ಯೂರೋ 100 ದಾಟಿತು. ಅವಳಿಗೆ ಮೊದಲು ಸಿಕ್ಕಿದ್ದು ಒಂದು ವರ್ಷದ ಪರ್ಮಿಟ್, ಎರಡನೇ ವರ್ಷಕ್ಕೆ ಮತ್ತೆ ದುಡ್ಡು ತೋರಿಸಬೇಕಾಗಿ ಬಂದಾಗ ಮೊತ್ತವೂ 11,904ಕ್ಕೆ ಏರಿತ್ತು. ರೂಪಾಯಿಯಲ್ಲಿ 12 ಲಕ್ಷ ದಾಟಿತು, ನಾವು ಇಟ್ಟುಕೊಂಡಿದ್ದು 11 ಲಕ್ಷ 40 ಸಾವಿರ. ಕೊರತೆಯನ್ನು ಹಿವಿ ಕೆಲಸದ ಕರಾರು ತೋರಿಸಿ ತುಂಬಿದಳು. ಸ್ಟುಟ್‌ಗಾರ್ಟ್‌ನ ಇಪ್ಪತ್ತು ತಿಂಗಳಿಗೆ ಇದೇ ಏಟು ಬಿದ್ದಿದ್ದರೆ ಎಷ್ಟು ತಿಂಗಳು ಉಳಿಯುತ್ತಿತ್ತು ಅಂತ ಅಪ್ಪನೇ ಕೂತು ಲೆಕ್ಕ ಹಾಕಿದರು, ನನಗೆ ಫೋನ್ ಮಾಡಿ ಹೇಳಿದರು, ಮ್ಯೂನಿಕ್ ಹೆಸರು ಮಾತ್ರ ಎತ್ತಲಿಲ್ಲ.

ಕೆಲಸ ಇರುವ ಊರೂ ಓದುವ ಊರೂ ಒಂದೇ ಆಗಿರಬೇಕು ಅಂತ ಏನಿಲ್ಲ. ಇದು ಮೊದಲೇ ಗೊತ್ತಿದ್ದರೆ ಎಷ್ಟೋ ಜನರ ಜಗಳ ಅರ್ಧ ಕಡಿಮೆಯಾಗುತ್ತದೆ. ಡ್ರೆಸ್ಡೆನ್ ಕೆಮ್ನಿಟ್ಸ್‌ನಿಂದ ರೈಲಿನಲ್ಲಿ ಒಂದು ಗಂಟೆ ದಾರಿ. ಇನ್ಫಿನಿಯನ್, ಗ್ಲೋಬಲ್‌ಫೌಂಡ್ರೀಸ್, ಬಾಷ್‌ನ ಚಿಪ್ ಘಟಕ ಈಗಾಗಲೇ ನಡೆಯುತ್ತಿರುವ ಊರು ಅದು. ತೈವಾನ್‌ನ ಚಿಪ್ ಕಂಪನಿ ಟಿಎಸ್‌ಎಂಸಿ ಜೊತೆಗೂಡಿದ ಹೊಸ ಫ್ಯಾಕ್ಟರಿಗೆ 2024ರ ಆಗಸ್ಟ್‌ನಲ್ಲಿ ಗುದ್ದಲಿ ಪೂಜೆಯೂ ಆಯಿತು. ಅವಳ ಮೂರನೇ ಸೆಮಿಸ್ಟರ್‌ನ ಇಂಟರ್ನ್‌ಶಿಪ್ ಡ್ರೆಸ್ಡೆನ್‌ನಲ್ಲೇ ಆಯಿತು. ಕೋರ್ಸಿನ ಭಾಗವಾದ ಕಡ್ಡಾಯ ಇಂಟರ್ನ್‌ಶಿಪ್ ಆ 140 ದಿನದ ಲೆಕ್ಕಕ್ಕೆ ಸೇರುವುದಿಲ್ಲ. ರೂಮು ಬಿಡಲಿಲ್ಲ, 268 ಕೊಟ್ಟುಕೊಂಡು ದಿನಾ ಓಡಾಡಿದಳು. ಸುಸ್ತಾಗುತ್ತಿತ್ತು, ಆದರೆ ಡ್ರೆಸ್ಡೆನ್‌ನಲ್ಲಿ ಇನ್ನೊಂದು ರೂಮಿಗಿಂತ ರೈಲಿನ ತಿಂಗಳ ಟಿಕೆಟ್ ಅಗ್ಗ.

ಥೀಸಿಸ್‌ಗೆ ಈಗ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಕಂಪನಿ ಜೊತೆ ಮಾತು ನಡೆದಿದೆ. ಅಲ್ಲಿ ಆರು ತಿಂಗಳು ಇದ್ದರೂ ಅವಳ ನೋಂದಣಿ ಕೆಮ್ನಿಟ್ಸ್‌ನಲ್ಲೇ, ಹಾಗಾಗಿ 1,500 ಯೂರೋ ಫೀಸು ಇಲ್ಲ. ಆ ಕಡೆ ಗಾಳಿ ಮಾತ್ರ 2024ರಷ್ಟು ಚೆನ್ನಾಗಿಲ್ಲ. ಕಾರಿನ ಬಿಡಿಭಾಗ ಮಾಡುವ ಝಡ್‌ಎಫ್ 14,000ದವರೆಗೆ ಕೆಲಸ ಕಡಿತ ಹೇಳಿದೆ, ಬಾಷ್ ಕೂಡ ಸಾವಿರಗಟ್ಟಲೆ ಹೇಳಿದೆ, ಥೀಸಿಸ್ ಕೊಟ್ಟವರು ಆಮೇಲೆ ಕೆಲಸ ಕೊಡುತ್ತಾರೆ ಅನ್ನುವ ಹಳೇ ಭರವಸೆ ಈಗ ಯಾರೂ ಕೊಡುತ್ತಿಲ್ಲ. ಡ್ರೆಸ್ಡೆನ್‌ನಲ್ಲಿ ಇಂಟರ್ನ್‌ಶಿಪ್ ಮಾಡಿದ ಟೀಮಿನವರೂ ಥೀಸಿಸ್ ವಿಷಯ ಕೊಡಲು ಒಪ್ಪಿದ್ದಾರೆ. ಅವಳ ಮನಸ್ಸು ಕಾರಿನ ಕಡೆ, ನನ್ನ ಓಟು ಚಿಪ್ ಕಡೆ. ಎಲ್ಲಿ ಮಾಡಿದರೂ 2027ರ ಮಾರ್ಚ್‌ಗೆ ಮುಗಿಸಬೇಕು ಅಂತ ಇಟ್ಟುಕೊಂಡಿದ್ದಾಳೆ, ಬ್ಯಾಂಕಿನ ಮೊದಲ ಕಂತು ಅಕ್ಟೋಬರ್‌ಗೆ, ನಡುವೆ ಇರುವುದು ಏಳು ತಿಂಗಳು.